ಕಾರಿನ ಮೋಹ ಇರಲಿ, ಬಸ್ಸಿನ ನೆನಪೂ ಇರಲಿ

ಮುಂಬಯಿ ಮಹಾನಗರದ ಯಾವುದೇ ಕನ್ನಡ ಸಂಘಕ್ಕೆ ಹೋದರೂ ಅಲ್ಲಿ ಒಬ್ಬರಾದರೂ ಕಾರುಪ್ರೇಮಿ ಇದ್ದೇ ಇರುತ್ತಾರೆ. ಸಭೆ ಮುಗಿದು ಉಪಾಹಾರದ ತಟ್ಟೆ ಕೈಗೆ ಬರುತ್ತಿದ್ದಂತೆ ಅವರ ಸುತ್ತ ನಾಲ್ಕು ಜನ ಸೇರುತ್ತಾರೆ. ಯಾವ ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ, ಯಾವುದರ ಕ್ಲಚ್ ಬೇಗ ಸವೆಯುತ್ತದೆ, ಊರಿಗೆ ಹೋಗುವಾಗ ಘಾಟಿ ಹತ್ತಲು ಯಾವ ಎಂಜಿನ್ ಒಳ್ಳೆಯದು ಎಂಬುದನ್ನೆಲ್ಲ ಅವರು ಅಂಗೈ ಗೆರೆಯಂತೆ ಹೇಳಬಲ್ಲರು. ಹತ್ತು ನಿಮಿಷ ಕಾರಿನ ಮಾತು ನಡೆದ ಮೇಲೆ ಅದು ರಸ್ತೆಯ ಹೊಂಡಕ್ಕೆ ಬರುತ್ತದೆ, ಹೊಂಡದಿಂದ ಸರಕಾರಕ್ಕೆ ಹೋಗುತ್ತದೆ, ಕೊನೆಗೆ ಮಕ್ಕಳ ಮದುವೆ, ಬ್ಯಾಂಕಿನ ಸಾಲ, ಸೊಸೈಟಿಯ ಪಾರ್ಕಿಂಗ್ ಜಗಳದಲ್ಲಿ ಮುಗಿಯುತ್ತದೆ.

ಇಂಥ ಮಾತನ್ನು ಹರಟೆ ಎಂದು ತಳ್ಳಿಹಾಕುವಂತಿಲ್ಲ. ಒಂದು ಸಮಾಜ ಏನನ್ನು ಬಯಸುತ್ತದೆ, ಯಾವುದನ್ನು ಗೌರವವೆಂದು ತಿಳಿಯುತ್ತದೆ ಎಂಬುದು ಭಾಷಣಕ್ಕಿಂತ ಹರಟೆಯಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕಾರುಪ್ರೇಮಿ ಗಾಡಿಯ ಬಗ್ಗೆ ಹೇಳುವ ಮಾತು ಬಹುತೇಕ ಸರಿ. ರಾಜಕೀಯದ ಬಗ್ಗೆ ಹೇಳುವುದು ಅರ್ಧ ಸರಿ. ನಿತ್ಯ ಜೀವನದ ಬಗ್ಗೆ ಹೇಳುವ ಮಾತನ್ನು ಮಾತ್ರ ಸ್ವಲ್ಪ ತಡೆದು ಯೋಚಿಸಬೇಕಾಗಿದೆ. ಏಕೆಂದರೆ ಆ ಮಾತಿನ ಪರಿಣಾಮ ಸಂಘದ ಬಾಗಿಲಿನವರೆಗೂ ಬಂದು ಮುಟ್ಟಿದೆ.

ಹಳೆಯ ಗಾಡಿಯೇ ಗಟ್ಟಿಯೆ?

'ಹಳೆಯ ಗಾಡಿಗಳೇ ಗಟ್ಟಿ, ಈಗಿನವು ಬರೀ ತಗಡು' ಎಂಬುದು ಕಾರುಪ್ರೇಮಿಯ ಮೊದಲ ಅಭಿಪ್ರಾಯ. ಮುಂಬಯಿಯಲ್ಲಿ ಹಳೆಯ ಗಾಡಿ ಎಂದೊಡನೆ ನೆನಪಾಗುವುದು ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಆರಂಭಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯ ಕುರ್ಲಾ ಕಾರ್ಖಾನೆಯಲ್ಲಿ ಇದು ತಯಾರಾಗುತ್ತಿತ್ತು. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ರಸ್ತೆಗಿಳಿದ ಗಾಡಿಯೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕೋಲು, ಮುಂದೆ ಉದ್ದನೆಯ ಒಂದೇ ಸೀಟು. ಅತ್ತ ಕೋಲ್ಕತಾ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ದಿಲ್ಲಿಯ ಮಂತ್ರಿಗಳಿಗೆ ಮೆಚ್ಚಾದರೆ, ಇಕ್ಕಟ್ಟಿನ ಗಲ್ಲಿಗಳ ಮುಂಬಯಿಗೆ ಫಿಯೆಟೇ ಒಗ್ಗಿತು.

ಆ ಗಾಡಿಯ ಒಂದು ಗುಣವನ್ನು ಒಪ್ಪಲೇಬೇಕು. ಅದರಲ್ಲಿ ಕಂಪ್ಯೂಟರ್ ಇರಲಿಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿ ಊದಿ ಮತ್ತೆ ಜೋಡಿಸುವ ಮೆಕ್ಯಾನಿಕ್ ಪ್ರತಿ ನಾಕಾದಲ್ಲೂ ಇದ್ದ. ಆದರೆ 'ಗಟ್ಟಿ' ಎಂಬ ಮಾತಿನ ಹಿಂದೆ ಇನ್ನೊಂದು ಸತ್ಯವೂ ಇದೆ. ಬೇರೆ ಗಾಡಿಯೇ ಸಿಗದ ಕಾಲದಲ್ಲಿ ಇದ್ದದ್ದನ್ನೇ ರಿಪೇರಿ ಮಾಡಿಕೊಂಡು ಓಡಿಸದೆ ಗತಿ ಇರಲಿಲ್ಲ. ಯಾರು ಕಾರು ತಯಾರಿಸಬೇಕು, ವರ್ಷಕ್ಕೆ ಎಷ್ಟು ತಯಾರಿಸಬೇಕು ಎಂಬುದನ್ನು ದಿಲ್ಲಿಯ ಕಚೇರಿ ನಿರ್ಧರಿಸುತ್ತಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ಸಾಮಾನ್ಯವಾಗಿತ್ತು. ಹಿಂದಿನ ಸೀಟಿಗೆ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಬೇಸಗೆಯಲ್ಲಿ ಘಾಟಿ ಹತ್ತುವಾಗ ರೇಡಿಯೇಟರ್ ಕುದಿಯುವುದು ಮಾಮೂಲು. ಅಪಘಾತದಲ್ಲಿ ಗಾಡಿಯ ತಗಡು ಬಗ್ಗದಿದ್ದರೆ ಆ ಪೆಟ್ಟು ಒಳಗೆ ಕುಳಿತವರಿಗೆ ತಟ್ಟುತ್ತದೆ. ಈಗಿನ ಗಾಡಿಯ ಮುಂಭಾಗ ಮುದ್ದೆಯಾಗುವುದು ಒಳಗಿನವರನ್ನು ಉಳಿಸಲೆಂದೇ ಎಂಬುದನ್ನು ಕಾರುಪ್ರೇಮಿ ತಿಳಿದಿದ್ದರೂ ಹಳೆಯ ಪ್ರೀತಿಯಲ್ಲಿ ಮರೆತುಬಿಡುತ್ತಾರೆ.

ಪದ್ಮಿನಿಯ ಮೇಲಿನ ಈ ಪ್ರೀತಿಗೆ ನಿಜವಾದ ಕಾರಣ ಬೇರೆಯೇ ಇದೆ. ಅದು ಮುಂಬಯಿಯಲ್ಲಿ ಕಾರಿಲ್ಲದವರ ಕಾರಾಗಿತ್ತು. ಊರಿನಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿಗೆ ಸ್ವಂತ ಕಾರು ಕನಸಿನಲ್ಲೂ ಇರಲಿಲ್ಲ. ಆದರೆ ಹೆರಿಗೆ ನೋವು ಬಂದಾಗ, ಮಧ್ಯರಾತ್ರಿ ಆಸ್ಪತ್ರೆಗೆ ಧಾವಿಸಬೇಕಾದಾಗ, ಊರಿನಿಂದ ಅಕ್ಕಿ, ತೆಂಗಿನಕಾಯಿ, ಹಪ್ಪಳದ ಡಬ್ಬದೊಂದಿಗೆ ತಂದೆ ತಾಯಿ ಬಂದಿಳಿದಾಗ ಅದೇ ಕಪ್ಪು ಹಳದಿ ಗಾಡಿ ಮೀಟರ್ ಕೆಳಗಿಳಿಸಿ ಹೊರಡುತ್ತಿತ್ತು. ಮಾಡಿನ ಮೇಲಿನ ಕ್ಯಾರಿಯರ್‌ನಲ್ಲಿ ಇಡೀ ಸಂಸಾರವೇ ಕುಳಿತಿರುತ್ತಿತ್ತು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷಗಳ ವಯೋಮಿತಿ ಇದೆ. 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದ ಪದ್ಮಿನಿಯೇ ಕೊನೆಯ ಟ್ಯಾಕ್ಸಿ. ಹೀಗಾಗಿ 2023ರ ಅಕ್ಟೋಬರ್ 30ರಿಂದ ಆ ಗಾಡಿ ಟ್ಯಾಕ್ಸಿಯಾಗಿ ಇಲ್ಲವಾಯಿತು. ಅದಕ್ಕೆ ಕೆಲವೇ ವಾರಗಳ ಮುಂಚೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, 1937ರಿಂದ ಓಡುತ್ತಿದ್ದ ಬೆಸ್ಟ್‌ನ ಹಳೆಯ ಮಾದರಿಯ ಡಬಲ್ ಡೆಕ್ಕರ್ ಬಸ್ಸೂ ವಿದಾಯ ಹೇಳಿತ್ತು. ಪತ್ರಿಕೆಗಳಲ್ಲಿ ಎರಡಕ್ಕೂ ಕಣ್ಣೀರಿನ ಬರಹಗಳು ಬಂದವು. ಸ್ವಂತದ್ದಲ್ಲದ ವಾಹನಕ್ಕಾಗಿ ಒಂದು ನಗರ ಅಷ್ಟು ಮರುಗಿತು ಎಂಬುದನ್ನು ಗಮನಿಸಬೇಕು.

ಕಾರು ಮತ್ತು ಸರಕಾರ

'ಸರಕಾರ ಕೈಹಾಕಿದ್ದು ಉದ್ಧಾರವಾಗುವುದಿಲ್ಲ' ಎಂಬುದು ಕಾರುಪ್ರೇಮಿಯ ಎರಡನೆಯ ಅಭಿಪ್ರಾಯ. ಲೈಸೆನ್ಸ್ ರಾಜ್ಯದ ಕಾಲವನ್ನು ಕಂಡವರು ಹೀಗೆ ಹೇಳಿದರೆ ತಪ್ಪೆನ್ನುವಂತಿಲ್ಲ. ಆದರೆ ಅವರು ಅಷ್ಟೇ ಪ್ರೀತಿಯಿಂದ ಹೊಗಳುವ ಮಾರುತಿ 800ರ ಕಥೆ ಈ ಮಾತನ್ನು ಅರ್ಧ ಸುಳ್ಳು ಮಾಡುತ್ತದೆ. 1970ರ ದಶಕದಲ್ಲಿ ಸಂಜಯ್ ಗಾಂಧಿಯವರು ಆರಂಭಿಸಿದ ಮಾರುತಿ ಕಂಪೆನಿ ಜನರಿಗೆ ಕಾರು ಕೊಡಲಾಗದೆ ಮುಚ್ಚಿತು. ಅಧಿಕಾರದ ನೆರಳಿದ್ದರೂ ಕೌಶಲವಿಲ್ಲದೆ ಕಾರು ತಯಾರಾಗದು ಎಂಬುದಕ್ಕೆ ಅದು ಸಾಕ್ಷಿ. ಮುಂದೆ 1981ರಲ್ಲಿ ಸರಕಾರಿ ಕಂಪೆನಿಯಾಗಿ ಮಾರುತಿ ಉದ್ಯೋಗ್ ಹುಟ್ಟಿತು. 1982ರಲ್ಲಿ ಜಪಾನಿನ ಸುಝುಕಿಯೊಡನೆ ಒಪ್ಪಂದವಾಯಿತು. ವಿ. ಕೃಷ್ಣಮೂರ್ತಿ, ಆರ್.ಸಿ. ಭಾರ್ಗವ ಅವರಂಥ ಅಧಿಕಾರಿಗಳ ದುಡಿಮೆಯಿಂದ 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಗಾಡಿಯ ಕೀಲಿಕೈಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು. ಆಗಿನ ಬೆಲೆ 47,500 ರೂಪಾಯಿ.

796 ಸಿಸಿಯ ಮೂರು ಸಿಲಿಂಡರಿನ ಆ ಪುಟ್ಟ ಗಾಡಿ ದೇಶದ ಮಧ್ಯಮ ವರ್ಗವನ್ನು ರಸ್ತೆಗಿಳಿಸಿತು. ಸರಕಾರದ ಗಾಡಿ ಎಂದು ಯಾರೂ ಅದನ್ನು ಹಳಿಯಲಿಲ್ಲ. ಸರಕಾರ 2007ರಲ್ಲಿ ತನ್ನ ಉಳಿದ ಪಾಲನ್ನೂ ಮಾರಿ ಹೊರಬಂದದ್ದು ಬೇರೆ ಮಾತು. ಕಾರು ತಯಾರಿಕೆಗೆ ಲೈಸೆನ್ಸ್ ಬೇಡ ಎಂದು 1993ರಲ್ಲಿ ತೀರ್ಮಾನವಾದ ಮೇಲೆ ಜಗತ್ತಿನ ಕಂಪೆನಿಗಳೆಲ್ಲ ಬಂದವು. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿ, 2000ದಲ್ಲಿ ಕ್ವಾಲಿಸ್ ರಸ್ತೆಗಿಳಿದದ್ದೂ ಇದರ ಫಲವೇ. ಬಾಗಿಲು ತೆರೆದದ್ದೂ ಸರಕಾರ, ಮುಚ್ಚಿದ್ದೂ ಸರಕಾರ. ಹಾಗಾಗಿ ಸರಕಾರ ಇರಬೇಕೆ, ಬೇಡವೆ ಎಂದು ವಾದಿಸುವುದಕ್ಕಿಂತ ಅದು ಯಾರ ಅನುಕೂಲಕ್ಕೆ ಕೈಹಾಕುತ್ತಿದೆ ಎಂದು ಕೇಳುವುದು ಮೇಲು.

ಈ ಪ್ರಶ್ನೆಯನ್ನು ಮುಂಬಯಿಯ ರಸ್ತೆಯಲ್ಲೇ ನಿಂತು ಕೇಳಬಹುದು. 1995ರಿಂದ 1999ರವರೆಗಿನ ಸರಕಾರ ಮುಂಬಯಿಗೆ 55 ಫ್ಲೈಓವರ್‌ಗಳ ಯೋಜನೆ ಹಾಕಿತು. 2009ರ ಜೂನ್ 30ರಂದು ಬಾಂದ್ರಾ - ವರ್ಲಿ ಸೀ ಲಿಂಕ್ ತೆರೆಯಿತು. 2024ರ ಜನವರಿಯಲ್ಲಿ ಸುಮಾರು 22 ಕಿಲೋಮೀಟರ್ ಉದ್ದದ ಅಟಲ್ ಸೇತು, ಮಾರ್ಚಿನಲ್ಲಿ ಕೋಸ್ಟಲ್ ರೋಡಿನ ಮೊದಲ ಭಾಗ ತೆರೆದವು. ಎಂಜಿನಿಯರಿಂಗ್ ದೃಷ್ಟಿಯಿಂದ ಇವು ಹೆಮ್ಮೆಪಡುವಂಥವೇ. ಕಾರುಪ್ರೇಮಿ ಹೊಗಳಿದರೆ ಆಶ್ಚರ್ಯವಿಲ್ಲ. ಆದರೆ ಸೀ ಲಿಂಕ್, ಅಟಲ್ ಸೇತು, ಕೋಸ್ಟಲ್ ರೋಡ್ ಮೂರರಲ್ಲೂ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ರಿಕ್ಷಾಕ್ಕಂತೂ ಇಲ್ಲವೇ ಇಲ್ಲ. ಸ್ಕೂಟರಿನಲ್ಲಿ ಹೋಗುವ ಗುಮಾಸ್ತನೂ ತೆರಿಗೆ ಕಟ್ಟುತ್ತಾನೆ ಎಂಬುದನ್ನು ನೆನಪಿಸಿಕೊಳ್ಳುವವರು ಕಡಿಮೆ.

2024ರ ಅಕ್ಟೋಬರಿನಲ್ಲಿ, ವಿಧಾನಸಭೆಯ ಚುನಾವಣೆಗೆ ಸ್ವಲ್ಪ ಮುಂಚೆ, ಮುಂಬಯಿಯ ಐದು ಪ್ರವೇಶ ದ್ವಾರಗಳಲ್ಲಿ ಹಗುರ ವಾಹನಗಳಿಗೆ ಟೋಲ್ ರದ್ದಾಯಿತು. ಕಾರಿಗೆ 45 ರೂಪಾಯಿ ಉಳಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅದಾಗಿ ಏಳು ತಿಂಗಳಲ್ಲಿ, 2025ರ ಮೇ ತಿಂಗಳಲ್ಲಿ, ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ನಷ್ಟದಲ್ಲಿರುವ ಸಂಸ್ಥೆ ದರ ಏರಿಸಿದ್ದು ಅಪರಾಧವೇನಲ್ಲ. ಆದರೆ ಒಂದೇ ವರ್ಷದ ಒಳಗೆ ಕಾರಿನವರಿಗೆ ರಿಯಾಯಿತಿ, ಬಸ್ಸಿನವರಿಗೆ ದುಪ್ಪಟ್ಟು ದರ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಯಾರ ಧ್ವನಿ ಮಂತ್ರಾಲಯಕ್ಕೆ ಬೇಗ ಕೇಳಿಸುತ್ತದೆ ಎಂಬುದು ತಿಳಿಯುತ್ತದೆ.

'ರಸ್ತೆ ಅಗಲ ಮಾಡಿದರೆ ಟ್ರಾಫಿಕ್ ಕಡಿಮೆಯಾಗುತ್ತದೆ' ಎಂಬುದು ಇನ್ನೊಂದು ನಂಬಿಕೆ. ಫ್ಲೈಓವರ್ ಕಟ್ಟಿದ ಮೊದಲ ಕೆಲವು ತಿಂಗಳು ಇದು ನಿಜವೆನಿಸುತ್ತದೆ. ರಸ್ತೆ ಸಲೀಸಾಗಿದೆ ಎಂದು ತಿಳಿದೊಡನೆ ಇಲ್ಲಿಯವರೆಗೆ ರೈಲಿನಲ್ಲಿ ಹೋಗುತ್ತಿದ್ದವರೂ ಗಾಡಿ ತೆಗೆಯುತ್ತಾರೆ. ಮತ್ತೆ ಅದೇ ಸರದಿ. ಒಂದು ಬಸ್ಸು ಎರಡು ಮೂರು ಕಾರುಗಳ ಜಾಗ ಹಿಡಿದು ನಲವತ್ತು ಐವತ್ತು ಜನರನ್ನು ಒಯ್ಯುತ್ತದೆ. ಆ ಕಾರುಗಳಲ್ಲಿ ಬಹುತೇಕ ಒಬ್ಬೊಬ್ಬರೇ ಕುಳಿತಿರುತ್ತಾರೆ. ಈ ಲೆಕ್ಕಕ್ಕೆ ಪದವಿ ಬೇಕಿಲ್ಲ. ನಿಜವಾಗಿ ರಸ್ತೆ ಖಾಲಿ ಇರಬೇಕೆಂದು ಬಯಸುವ ಕಾರುಪ್ರೇಮಿ ಎಲ್ಲರಿಗಿಂತ ಮೊದಲು ಬಸ್ಸು, ರೈಲು, ಮೆಟ್ರೋಗಾಗಿ ಹೋರಾಡಬೇಕು. 2014ರಲ್ಲಿ ವರ್ಸೋವಾ - ಘಾಟ್ಕೋಪರ್ ಮೆಟ್ರೋ, 2025ರ ಅಕ್ಟೋಬರಿನಲ್ಲಿ ಕೊಲಾಬಾದಿಂದ ಆರೆಯವರೆಗಿನ ಭೂಗತ ಮೆಟ್ರೋ ಪೂರ್ಣವಾಗಿ ಬಂದದ್ದು ಒಳ್ಳೆಯ ಬೆಳವಣಿಗೆ. ಆದರೆ ಡೊಂಬಿವಲಿ, ಕಲ್ಯಾಣ್, ನಾಲಾಸೋಪಾರದ ಕನ್ನಡಿಗರಿಗೆ ಇಂದಿಗೂ ಲೋಕಲ್ ರೈಲೇ ಗತಿ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಅವರಲ್ಲಿ ಕೆಲಸಕ್ಕೆಂದು ಮನೆಬಿಟ್ಟು ಹೊರಟವರೂ ಇದ್ದರು. ರಸ್ತೆಯ ಹೊಂಡಕ್ಕೆ ಅರ್ಧ ಗಂಟೆ ಬೈಯುವವರು ಅದಕ್ಕೂ ಐದು ನಿಮಿಷ ಕೊಡಬೇಕು.

ನ್ಯಾನೋ ಕಲಿಸಿದ ಪಾಠ

ಕಾರು ನಿಜವಾಗಿ ಪ್ರಯಾಣಕ್ಕೆ ಬೇಕೆ, ಮರ್ಯಾದೆಗೆ ಬೇಕೆ ಎಂಬ ಪ್ರಶ್ನೆಗೆ ಟಾಟಾ ನ್ಯಾನೋ ಉತ್ತರ ಹೇಳಿದೆ. ಸ್ಕೂಟರಿನಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಪಾಯದಲ್ಲಿ ಸಾಗುವುದನ್ನು ಕಂಡು ರತನ್ ಟಾಟಾ ಅವರಿಗೆ ಈ ಯೋಚನೆ ಬಂತು. 2008ರ ಜನವರಿ 10ರಂದು ದಿಲ್ಲಿಯ ಪ್ರದರ್ಶನದಲ್ಲಿ ಒಂದು ಲಕ್ಷ ರೂಪಾಯಿಯ ಕಾರು ಎಂದು ಅದನ್ನು ತೋರಿಸಿದಾಗ ಜಗತ್ತೇ ತಿರುಗಿ ನೋಡಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ರೈತರ ಭೂಮಿಯ ಹೋರಾಟ ತೀವ್ರವಾಗಿ 2008ರ ಅಕ್ಟೋಬರಿನಲ್ಲಿ ಕಾರ್ಖಾನೆ ಅಲ್ಲಿಂದ ಕಾಲ್ತೆಗೆಯಿತು. ಆಗ ಕರ್ನಾಟಕವೂ ಧಾರವಾಡದ ಬಳಿ ಜಾಗ ಕೊಡಲು ಮುಂದೆ ಬಂದಿತ್ತು. ಕೊನೆಗೆ ಅದು ಗುಜರಾತಿನ ಸಾನಂದಕ್ಕೆ ಹೋಯಿತು. ಸಿಂಗೂರಿನ ಭೂಸ್ವಾಧೀನವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ರದ್ದುಪಡಿಸಿತು.

ಗಾಡಿ ರಸ್ತೆಗೇನೋ ಬಂತು. 624 ಸಿಸಿ ಎಂಜಿನ್ ಹಿಂದೆ, ನಾಲ್ಕು ಜನಕ್ಕೆ ಧಾರಾಳ ಜಾಗ, ಗಲ್ಲಿಯಲ್ಲಿ ತಿರುಗಿಸಲು ಸುಲಭ. ಕೆಲವು ಗಾಡಿಗಳಿಗೆ ಬೆಂಕಿ ತಗುಲಿದ ಸುದ್ದಿಯೂ ಹೆದರಿಸಿತು. ಆದರೆ ಅದು ಸೋತ ಮುಖ್ಯ ಕಾರಣ ಅದಲ್ಲ. ಎಲ್ಲಕ್ಕಿಂತ ಅಗ್ಗದ ಕಾರು ಎಂಬ ಹಣೆಪಟ್ಟಿಯೇ ತಪ್ಪಾಯಿತು ಎಂಬುದನ್ನು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡಿದ್ದರು. ಅಗ್ಗದ ಕಾರಿನಲ್ಲಿ ಮದುವೆ ಮನೆಗೆ ಹೋಗಿ ಇಳಿಯಲು ಜನರಿಗೆ ಸಂಕೋಚ. ಸ್ಕೂಟರಿನಲ್ಲಿ ಒದ್ದೆಯಾಗಿ ಹೋದರೆ ಅಡ್ಡಿಯಿಲ್ಲ, ನ್ಯಾನೋದಲ್ಲಿ ಹೋದರೆ ಮರ್ಯಾದೆ ಕಡಿಮೆ! ಬೆಂಗಳೂರಿನ ಚೇತನ್ ಮೈನಿ ಅವರು 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ತಂದಾಗಲೂ ಇದೇ ಕಥೆ. ಲಂಡನ್ನಿನ ಬೀದಿಯಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಅದು ಓಡಿತು, ಇಲ್ಲಿನವರು ಆಟಿಕೆ ಎಂದು ನಕ್ಕರು. 2010ರಲ್ಲಿ ಮಹೀಂದ್ರಾ ಕಂಪೆನಿ ಅದನ್ನು ಕೊಂಡಿತು. ಇಂದು ಅದೇ ವಿದ್ಯುತ್ ಕಾರು ದೊಡ್ಡ ಗಾತ್ರದಲ್ಲಿ, ದೊಡ್ಡ ಬೆಲೆಯಲ್ಲಿ ಬಂದೊಡನೆ ಅದಕ್ಕೆ ಗೌರವ ಬಂದಿದೆ.

ಕಂತಿನ ಲೆಕ್ಕ

ಮುಂಬಯಿ ಕನ್ನಡಿಗರ ಮದುವೆ ಮಾತುಕತೆಗಳಲ್ಲಿ ಹುಡುಗನಿಗೆ ಸ್ವಂತ ಮನೆ ಇದೆಯೆ ಎಂದು ಕೇಳುವುದು ಹಳೆಯ ಪದ್ಧತಿ. ಈಗ ಅದರ ಜೊತೆಗೆ 'ಗಾಡಿ ಯಾವುದು?' ಎಂಬ ಪ್ರಶ್ನೆಯೂ ಸೇರಿದೆ. ಇದು ಹಗುರವಾಗಿ ಕೇಳುವ ಪ್ರಶ್ನೆಯಾದರೂ ಉತ್ತರದ ಭಾರ ಹೊರುವವರು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗದ ಯುವಕರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದ ಮೇಲೆ ಆಸೆ ಇನ್ನಷ್ಟು ಚಿಗುರಿದೆ. ಬೆಲೆ ಇಳಿದದ್ದು ಸಂತೋಷವೇ. ಆದರೆ ಕೊಳ್ಳುವ ಮುನ್ನ ಒಂದು ಚಿಕ್ಕ ಲೆಕ್ಕ ಬರೆದು ನೋಡುವುದು ಒಳ್ಳೆಯದು.

ಹತ್ತು ಲಕ್ಷದ ಗಾಡಿಗೆ ಎರಡು ಲಕ್ಷ ಕೈಯಿಂದ ಕಟ್ಟಿ ಎಂಟು ಲಕ್ಷ ಸಾಲ ತೆಗೆದರೆಂದು ಇಟ್ಟುಕೊಳ್ಳಿ. ಶೇಕಡಾ 9ರ ಬಡ್ಡಿ, ಏಳು ವರ್ಷದ ಅವಧಿ. ತಿಂಗಳ ಕಂತು ಸುಮಾರು 12,870 ರೂಪಾಯಿ. ಏಳು ವರ್ಷ ಮುಗಿಯುವಾಗ ಕಟ್ಟಿದ ಒಟ್ಟು ಹಣ 10 ಲಕ್ಷ 81 ಸಾವಿರ, ಅಂದರೆ ಬಡ್ಡಿಯೇ 2 ಲಕ್ಷ 81 ಸಾವಿರ. ವಿಮೆ, ಸೊಸೈಟಿಯ ಪಾರ್ಕಿಂಗ್ ಶುಲ್ಕ, ಪೆಟ್ರೋಲ್, ಸರ್ವಿಸಿಂಗ್ ಎಲ್ಲ ಸೇರಿ ತಿಂಗಳಿಗೆ ಒಂಬತ್ತು ಸಾವಿರ ಎಂದುಕೊಂಡರೂ ಒಟ್ಟು ಖರ್ಚು 22 ಸಾವಿರದ ಹತ್ತಿರ. ದಿನನಿತ್ಯ ಕಚೇರಿಗೆ ಹೋಗುವುದು ಲೋಕಲಿನಲ್ಲೇ ಆದ್ದರಿಂದ ಗಾಡಿ ಹೊರಬರುವುದು ಶನಿವಾರ, ಭಾನುವಾರ ಮಾತ್ರ. ತಿಂಗಳಿಗೆ ಎಂಟು ದಿನ. ಒಂದು ದಿನಕ್ಕೆ 2,750 ರೂಪಾಯಿ ಬಿತ್ತು. ಅಷ್ಟು ಹಣಕ್ಕೆ ಭಾನುವಾರ ಇಡೀ ಸಂಸಾರ ಟ್ಯಾಕ್ಸಿಯಲ್ಲಿ ಹೋಗಿ ಬಂದು ಊಟವನ್ನೂ ಮುಗಿಸಬಹುದು, ಪಾರ್ಕಿಂಗ್ ಹುಡುಕುವ ಗೋಳೂ ಇಲ್ಲ.

ಸಾಲ ಮಾಡುವುದು ಪಾಪವಲ್ಲ. ಮನೆಗೆ, ಮಕ್ಕಳ ವಿದ್ಯೆಗೆ ಸಾಲ ತೆಗೆದವರೇ ಈ ನಗರದಲ್ಲಿ ಮೇಲೆ ಬಂದಿದ್ದಾರೆ. ಆದರೆ ಮನೆಯ ಬೆಲೆ ಸಾಮಾನ್ಯವಾಗಿ ಏರುತ್ತದೆ, ವಿದ್ಯೆಯ ಬೆಲೆ ಇಳಿಯುವುದೇ ಇಲ್ಲ. ಕಾರಿನ ಬೆಲೆ ಮಾತ್ರ ಶೋರೂಮಿನ ಬಾಗಿಲು ದಾಟಿದ ಕ್ಷಣದಿಂದ ಇಳಿಯಲು ಶುರು. ವೃದ್ಧ ತಾಯಿತಂದೆಯರನ್ನು ಡಯಾಲಿಸಿಸ್‌ಗೆ ಒಯ್ಯಬೇಕಾದವರಿಗೆ, ರಾತ್ರಿ ಪಾಳಿಯವರಿಗೆ, ಹೋಟೆಲಿನ ಸಾಮಾನು ತರುವವರಿಗೆ ಕಾರು ಅಗತ್ಯವೇ. ಅಂಥವರು ಧೈರ್ಯವಾಗಿ ಕೊಳ್ಳಲಿ. ಬೇರೆಯವರ ಬಾಯಿ ಮುಚ್ಚಿಸಲು ಏಳು ವರ್ಷ ಕಂತು ಕಟ್ಟುವುದು ಮಾತ್ರ ದುಬಾರಿ.

ತಿಳಿವಳಿಕೆ ಉಪಯೋಗಕ್ಕೆ ಬರಲಿ

ಕಾರುಪ್ರೇಮಿಯ ತಿಳಿವಳಿಕೆ ಸಮಾಜಕ್ಕೆ ಬೇಕಾಗಿರುವ ಒಂದು ಜಾಗವಿದೆ. ಅದು ಸುರಕ್ಷತೆ. 1990ರ ಸೆಪ್ಟೆಂಬರ್ 30ರ ಬೆಳಿಗ್ಗೆ ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಗಿ ಶಂಕರ್ ನಾಗ್ ತೀರಿಕೊಂಡದ್ದನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ. ಮುಂಬಯಿಯ ರಂಗಭೂಮಿಯಲ್ಲಿ ಬೆಳೆದು ಕನ್ನಡಕ್ಕೆ ಬಂದ ಕಲಾವಿದ 35 ವರ್ಷಕ್ಕೇ ಹೊರಟುಹೋದರು. 2022ರ ಸೆಪ್ಟೆಂಬರ್ 4ರಂದು ಅಹಮದಾಬಾದ್ - ಮುಂಬಯಿ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯಲ್ಲಿ, ಉದ್ಯಮಿ ಸೈರಸ್ ಮಿಸ್ತ್ರಿ ಅಸುನೀಗಿದರು. ಕಾರು ಅತ್ಯಂತ ಬೆಲೆಬಾಳುವಂಥದ್ದು. ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟದೆ ಕುಳಿತಿದ್ದರು. ಅದಾದ ಮೇಲೆ ಅದೇ ವರ್ಷದ ನವೆಂಬರ್ 1ರಿಂದ ಮುಂಬಯಿಯಲ್ಲಿ ಹಿಂದೆ ಕುಳಿತವರಿಗೂ ಬೆಲ್ಟ್ ಕಡ್ಡಾಯವಾಯಿತು. ಎಷ್ಟು ಜನ ಕಟ್ಟುತ್ತಾರೆ ಎಂಬುದನ್ನು ಯಾವುದೇ ಸಿಗ್ನಲಿನಲ್ಲಿ ನಿಂತು ನೋಡಬಹುದು.

2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.7 ಲಕ್ಷಕ್ಕೂ ಹೆಚ್ಚು. ಅದೇ ವರ್ಷದ ಅಕ್ಟೋಬರಿನಿಂದ ಭಾರತ್ ಎನ್‌ಸಿಎಪಿ ಎಂಬ ವ್ಯವಸ್ಥೆಯಡಿ ಗಾಡಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ ನಕ್ಷತ್ರಗಳ ಅಂಕ ಕೊಡಲಾಗುತ್ತಿದೆ. ಕೊಳ್ಳುವವರು ಸನ್‌ರೂಫ್ ಇದೆಯೆ ಎಂದು ಕೇಳುತ್ತಾರೆ, ನಕ್ಷತ್ರ ಎಷ್ಟು ಎಂದು ಕೇಳುವುದಿಲ್ಲ. ಬೇಸಗೆ ರಜೆಯಲ್ಲಿ, ಗಣೇಶ ಚತುರ್ಥಿಗೆ ಗಾಡಿಯಲ್ಲೇ ಊರಿಗೆ ಹೊರಡುವ ಸಂಸಾರಗಳು ಈಗ ಬಹಳ. 2011ರಲ್ಲಿ ಆರಂಭವಾದ ಮುಂಬಯಿ - ಗೋವಾ ಹೆದ್ದಾರಿಯ ಅಗಲೀಕರಣ ದಶಕ ಕಳೆದರೂ ಮುಗಿಯದೆ ಎಷ್ಟೋ ಅಪಘಾತಗಳನ್ನು ಕಂಡಿದೆ. ಕಚೇರಿ ಮುಗಿಸಿ ಸಂಜೆ ಹೊರಟು ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಮಂಗಳೂರು ಸೇರಿದೆ ಎಂದು ಹೇಳಿಕೊಳ್ಳುವುದನ್ನು ಸಂಘಗಳಲ್ಲಿ ಸಾಹಸವೆಂದು ಕೇಳುವ ಅಭ್ಯಾಸ ನಿಲ್ಲಬೇಕು. 1998ರಿಂದ ಕೊಂಕಣ ರೈಲು ಅದೇ ಊರಿಗೆ ನಿದ್ದೆ ಮಾಡಿಸಿಕೊಂಡು ಒಯ್ಯುತ್ತಿದೆ. ಗಾಡಿಯಲ್ಲೇ ಹೋಗಬೇಕೆಂದಿದ್ದರೆ ನಡುವೆ ಒಂದು ರಾತ್ರಿ ತಂಗಿ, ಹಿಂದಿನ ಸೀಟಿನ ಅಜ್ಜಿಗೂ ಬೆಲ್ಟ್ ಕಟ್ಟಿಸಿ ಹೋಗುವುದು ಬುದ್ಧಿವಂತಿಕೆ. ಈ ಮಾತನ್ನು ಪೊಲೀಸರು ಹೇಳಿದರೆ ಯಾರೂ ಕೇಳುವುದಿಲ್ಲ, ಕಾರುಪ್ರೇಮಿ ಹೇಳಿದರೆ ಕೇಳುತ್ತಾರೆ.

ಸಂಘದ ಬಾಗಿಲಲ್ಲಿ

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಸಂಘಗಳ ಇಂದಿನ ಸ್ಥಿತಿ. ಒಂದು ಕಾಲದಲ್ಲಿ ಕನ್ನಡ ಸಂಘದ ಕಾರ್ಯಕ್ರಮವೆಂದರೆ ರೈಲು ನಿಲ್ದಾಣದಿಂದ ಐದು ನಿಮಿಷದ ದಾರಿಯಲ್ಲಿ, ಯಾವುದಾದರೂ ಶಾಲೆಯ ಸಭಾಗೃಹದಲ್ಲಿ ನಡೆಯುತ್ತಿತ್ತು. ನಾಟಕವಾಗಲಿ, ಯಕ್ಷಗಾನವಾಗಲಿ, ಕೊನೆಯ ಲೋಕಲ್ ತಪ್ಪದಂತೆ ಮಂಗಳ ಹಾಡುತ್ತಿದ್ದರು. ಇಂದು ಅನೇಕ ಕಾರ್ಯಕ್ರಮಗಳು ನಿಲ್ದಾಣದಿಂದ ದೂರದ ಹವಾನಿಯಂತ್ರಿತ ಸಭಾಗೃಹಗಳಿಗೆ ಹೋಗಿವೆ. ಸ್ಥಳ ಆರಿಸುವಾಗ ಸಮಿತಿಯಲ್ಲಿ ಬರುವ ಮೊದಲ ಪ್ರಶ್ನೆ 'ಅಲ್ಲಿ ಪಾರ್ಕಿಂಗ್ ಉಂಟೆ?' ಎಂಬುದು. 'ಅಲ್ಲಿಗೆ ಬಸ್ಸು ಉಂಟೆ?' ಎಂದು ಕೇಳುವವರು ಕಡಿಮೆ. ಏಕೆಂದರೆ ಸಮಿತಿಯಲ್ಲಿ ಕುಳಿತವರು ಹೆಚ್ಚಾಗಿ ಕಾರಿನಲ್ಲೇ ಬಂದವರು.

ಫಲವಾಗಿ ಸದ್ದಿಲ್ಲದೆ ಕಡಿಮೆಯಾಗುತ್ತಿರುವವರು ಯಾರು? ಚಾಲಿನ ಖೋಲಿಯಲ್ಲಿ ಚಾಪೆ ಹಾಸಿ ಸಂಘದ ಮೊದಲ ಸಭೆ ನಡೆಸಿದ ಹಿರಿಯರು. ಮನೆಮನೆಗೆ ಹೋಗಿ ಎರಡೆರಡು ರೂಪಾಯಿ ಚಂದಾ ಎತ್ತಿದವರು. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿರುವ ತಾಯಂದಿರು. ಇಂದಿಗೂ ಹೋಟೆಲಿನಲ್ಲಿ ದುಡಿಯುವ ಹುಡುಗರು. ರಾತ್ರಿ ಹತ್ತು ಗಂಟೆಗೆ ಆ ಸಭಾಗೃಹದಿಂದ ಹೊರಬಂದರೆ ರಿಕ್ಷಾ ಸಿಗುವುದಿಲ್ಲ, ಬಸ್ಸಿಗೆ ಕಾದು ಸಾಕಾಗುತ್ತದೆ. ಒಂದು ಸಲ ಕಷ್ಟಪಟ್ಟವರು ಮರುಸಲ ಮನೆಯಲ್ಲೇ ಉಳಿಯುತ್ತಾರೆ. 'ಹಿರಿಯರಿಗೆ ಆಸಕ್ತಿ ಕಡಿಮೆಯಾಗಿದೆ' ಎಂದು ವಾರ್ಷಿಕ ವರದಿಯಲ್ಲಿ ಬರೆಯುವುದು ಸುಲಭ. ಆಸಕ್ತಿ ಹಾಗೆಯೇ ಇದೆ, ದಾರಿಯಷ್ಟೇ ಉದ್ದವಾಗಿದೆ. ಬಾಗಿಲಲ್ಲಿ ಸ್ವಾಗತಿಸುವಾಗಲೂ ಕಾರಿನಿಂದ ಇಳಿದವರಿಗೆ ಒಂದು ನಗು, ನಡೆದು ಬಂದವರಿಗೆ ಇನ್ನೊಂದು ನಗು ಎಂಬ ಮಾತು ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳೆಂದು ಎದೆ ಮುಟ್ಟಿ ಹೇಳಬಲ್ಲ ಸಂಘಗಳು ಎಷ್ಟಿವೆ?

ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಸಭಾಗೃಹ ಗೊತ್ತುಪಡಿಸುವಾಗ ನಿಲ್ದಾಣದ ದೂರವನ್ನು ಮೊದಲು ಅಳೆಯಲಿ. ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಬಿರುದುಗಳ ಒಂದು ಸಾಲು ಕಡಿಮೆ ಮಾಡಿ ಹತ್ತಿರದ ನಿಲ್ದಾಣ, ಬಸ್ಸಿನ ಸಂಖ್ಯೆ, ರಿಕ್ಷಾ ಸಿಗುವ ಜಾಗ ಮುದ್ರಿಸಲಿ. ಸನ್ಮಾನಗಳನ್ನು ಚುಟುಕಾಗಿ ಮುಗಿಸಿ ರಾತ್ರಿ ಎಂಟೂವರೆಗೆ ಕಾರ್ಯಕ್ರಮ ನಿಲ್ಲಿಸಲಿ. ಕಾರಿರುವ ಸದಸ್ಯರ ಪಟ್ಟಿಯನ್ನು ಬಡಾವಣೆವಾರು ಮಾಡಿ, ಅದೇ ದಾರಿಯ ಹಿರಿಯರಿಬ್ಬರನ್ನು ಕರೆತಂದು ಮರಳಿ ಬಿಡುವ ಹೊಣೆಯನ್ನು ಒಪ್ಪಿಸಲಿ. ಇದರ ಸಂಚಾಲಕರಾಗಲು ಕಾರುಪ್ರೇಮಿಗಿಂತ ಯೋಗ್ಯರು ಯಾರಿದ್ದಾರೆ? ಯಾವ ರಸ್ತೆಯಲ್ಲಿ ಯಾವ ಹೊತ್ತಿಗೆ ಎಷ್ಟು ಟ್ರಾಫಿಕ್ ಎಂಬುದು ಅವರಿಗೆ ಬಾಯಿಪಾಠ. ಖಾಲಿ ಹೋಗುವ ಹಿಂದಿನ ಸೀಟಿಗೆ ಪೆಟ್ರೋಲು ಹೆಚ್ಚೇನೂ ತಗಲುವುದಿಲ್ಲ.

ಚುನಾವಣೆಯಲ್ಲಿ ಮತ ಕೇಳಲು ಬರುವವರು ಕನ್ನಡ ಸಂಘಗಳ ಮೆಟ್ಟಿಲನ್ನೂ ಹತ್ತುತ್ತಾರೆ. ಅವರಿಗೆ ಹಾರ ಹಾಕಿ ಕಳುಹಿಸುವ ಬದಲು ಎರಡು ಮನವಿ ಕೊಡುವುದು ಒಳಿತು. ಒಂದು, ಬಡಾವಣೆಗೆ ಬೆಸ್ಟ್ ಬಸ್ಸುಗಳನ್ನು ಹೆಚ್ಚಿಸುವುದು. ಇನ್ನೊಂದು, ಹಿರಿಯರು ನಡೆದು ನಿಲ್ದಾಣ ಸೇರಲು ಗಾಡಿಗಳಿಲ್ಲದ ಫುಟ್‌ಪಾತ್. ಮುಂದಿನ ವಾರ್ಷಿಕೋತ್ಸವದ ಸ್ಥಳ ಗೊತ್ತುಪಡಿಸಲು ಸಮಿತಿಗಳು ಸೇರುವಾಗ ಪದಾಧಿಕಾರಿಗಳು ಈ ವಿಚಾರವನ್ನು ಚರ್ಚೆಗೆ ಎತ್ತಿಕೊಳ್ಳಲಿ.